‘ರನ್’ ಬಂದ ಕಡೆಯೆಲ್ಲ ‘ಓಡು’ ಏಕೆ ಹೊಂದುವುದಿಲ್ಲ?

ಪ್ರಶ್ನೆ: ಇಂಗ್ಲಿಷಿನ ‘ರನ್’ ಪದಕ್ಕೆ ಆರುನೂರಕ್ಕೂ ಹೆಚ್ಚು ಅರ್ಥಗಳಿವೆ ಎಂದು ಓದಿದೆ. ಇದು ನಿಜವೇ? ಈಚೆಗೆ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವ ಕೆಲಸ ಶುರುಮಾಡಿದ್ದೇನೆ. ‘ಓಡು’ ಎಂದು ಬರೆದ ಕಡೆಯೆಲ್ಲ ಸಂಪಾದಕರು ಕೆಂಪು ಗೆರೆ ಎಳೆದು ಕಳಿಸುತ್ತಾರೆ. ಇಷ್ಟೊಂದು ಅರ್ಥಗಳನ್ನು ತಲೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಏನಾದರೂ ದಾರಿ ಉಂಟೆ? ಜೊತೆಗೆ, ‘ಹ್ಯಾವ್ ರ‍್ಯಾನ್’ ಸರಿಯೋ ‘ಹ್ಯಾವ್ ರನ್’ ಸರಿಯೋ ತಿಳಿಸಿ.

ಉತ್ತರ: ಅಂಕಿ ನಿಜ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೂರನೆಯ ಆವೃತ್ತಿಗಾಗಿ ‘ರನ್’ ಪದವನ್ನು ಹೊಸದಾಗಿ ಪರಿಷ್ಕರಿಸಿದಾಗ ಕ್ರಿಯಾಪದ ಒಂದಕ್ಕೇ 645 ಅರ್ಥಗಳು ಲೆಕ್ಕಕ್ಕೆ ಸಿಕ್ಕವು. ಅದು 2011ರ ಸುದ್ದಿ. ನಾಮಪದದ ಅರ್ಥಗಳು ಈ ಲೆಕ್ಕದಲ್ಲಿ ಸೇರಿಲ್ಲ. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಈ ಒಂದು ಪದಕ್ಕಾಗಿ ಒಂಬತ್ತು ತಿಂಗಳು ಕೂತು ಕೆಲಸ ಮಾಡಿದರು. ಅದಕ್ಕೂ ಮುಂಚೆ ಬಹುಕಾಲ ಅತಿ ಹೆಚ್ಚು ಅರ್ಥಗಳ ಪದ ಎಂಬ ಪಟ್ಟ ‘ಸೆಟ್’ ಎಂಬ ಪದದ್ದಾಗಿತ್ತು. 1989ರ ಎರಡನೆಯ ಆವೃತ್ತಿಯಲ್ಲಿ ಅದಕ್ಕೆ 430 ಅರ್ಥಗಳಿದ್ದವು. ವಿವರಣೆಯೇ ಸುಮಾರು 60,000 ಪದಗಳಷ್ಟಾಗಿತ್ತು. ಆಮೇಲೆ ‘ಮೇಕ್’, ‘ಪುಟ್’ ಸ್ವಲ್ಪ ಸ್ವಲ್ಪ ಕಾಲ ಮುಂದಿದ್ದು, ಕೊನೆಗೆ ‘ರನ್’ ಎಲ್ಲವನ್ನೂ ಹಿಂದಿಕ್ಕಿತು.

ಹಾಗೆಂದು ಎದೆಗುಂದಬೇಕಿಲ್ಲ. ಒಂದು ಪದ ಹುಟ್ಟಿದಂದಿನಿಂದ ಏನೇನು ಅರ್ಥದಲ್ಲಿ ಬಳಕೆಯಾಗಿದೆಯೋ ಅಷ್ಟನ್ನೂ ದಾಖಲಿಸುವುದು ಆ ನಿಘಂಟಿನ ಕೆಲಸ. ಎಂದೋ ಸತ್ತುಹೋದ ಅರ್ಥಗಳು, ನಾವಿಕರ ಮಾತು, ಗಣಿಯವರ ಮಾತು, ಒಂದೇ ಅರ್ಥದ ಕೂದಲೆಳೆ ವ್ಯತ್ಯಾಸಗಳು, ಎಲ್ಲಕ್ಕೂ ಅಲ್ಲಿ ಬೇರೆ ಬೇರೆ ಸಂಖ್ಯೆ ಬೀಳುತ್ತದೆ. ಇಂಗ್ಲಿಷನ್ನೇ ತಾಯ್ನುಡಿಯಾಗಿ ಆಡುವವರಿಗೂ ಅದರಲ್ಲಿ ಬಹುಪಾಲು ಗೊತ್ತಿರುವುದಿಲ್ಲ. ರಸಪ್ರಶ್ನೆಗೆ 645 ಒಳ್ಳೆಯ ಅಂಕಿ. ಅನುವಾದಕರಿಗೆ ದಿನಬಳಕೆಯ ಮೂವತ್ತು ನಲವತ್ತು ಅರ್ಥಗಳು ಕೈಗೆ ಹತ್ತಿದರೆ ಸಾಕು, ಉಳಿದವು ಸಂದರ್ಭ ನೋಡಿದರೆ ತಾವೇ ಬಿಡಿಸಿಕೊಳ್ಳುತ್ತವೆ.

ನಿಮ್ಮ ತೊಂದರೆ ಸಂಖ್ಯೆಯಲ್ಲಿಲ್ಲ. ಶಾಲೆಯಲ್ಲಿ ‘ರನ್ ಎಂದರೆ ಓಡು’ ಎಂದು ಬಾಯಿಪಾಠ ಮಾಡಿಸಿದ್ದಾರಲ್ಲ, ತೊಂದರೆ ಇರುವುದು ಅಲ್ಲಿ. ಕಾಲೆತ್ತಿ ಓಡುವುದು ಈ ಪದದ ಒಂದು ಕೊಂಬೆ ಮಾತ್ರ. ಹಳೆಯ ಇಂಗ್ಲಿಷಿನಲ್ಲಿ ‘ರಿನ್ನನ್’ ಎಂಬ ರೂಪ ಇತ್ತು. ‘ರ’ಕಾರವೂ ಸ್ವರವೂ ಜಾಗ ಬದಲಿಸಿಕೊಂಡು ‘ಇರ್ನನ್’ ಎಂದೂ ಆಗುತ್ತಿತ್ತು. ಅದರ ಒಡಹುಟ್ಟಿದ ಪದ ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಎರಡಾಗಿ ಉಳಿದಿದೆ. ‘ರಿನ್ನೆನ್’ ಎಂದರೆ ನೀರು ಹರಿಯುವುದು, ತೊಟ್ಟಿಕ್ಕುವುದು. ‘ರೆನ್ನೆನ್’ ಎಂದರೆ ಜೋರಾಗಿ ಓಡುವುದು. ಎರಡನೆಯದು ಮೂಲದಲ್ಲಿ ಮೊದಲನೆಯದರ ಪ್ರೇರಣಾರ್ಥಕ ರೂಪ, ಅಂದರೆ ‘ಹರಿಸು, ಓಡಿಸು’ ಎಂಬಂಥದ್ದು. ಇಂಗ್ಲಿಷಿನಲ್ಲಿ ಇವೆಲ್ಲ ಕರಗಿ ಒಂದೇ ‘ರನ್’ ಆದವು. ತಾನೇ ಹರಿಯುವುದಕ್ಕೂ ‘ರನ್’, ಇನ್ನೊಂದನ್ನು ಹರಿಯುವಂತೆ ಮಾಡುವುದಕ್ಕೂ ‘ರನ್’.

ಕನ್ನಡದಲ್ಲಿ ಈ ಕೆಲಸವನ್ನು ಮೂರು ಜೋಡಿ ಕ್ರಿಯಾಪದಗಳು ಹಂಚಿಕೊಂಡಿವೆ: ಓಡು–ಓಡಿಸು, ಹರಿ–ಹರಿಸು, ನಡೆ–ನಡೆಸು. ನಾವು ‘ಇಸು’ ಹಚ್ಚಿ ಕರ್ತೃವನ್ನು ಬೇರೆ ಮಾಡುತ್ತೇವೆ; ಇಂಗ್ಲಿಷಿನವರು ಕರ್ಮಪದ ಇದೆಯೋ ಇಲ್ಲವೋ ಎಂಬುದರಿಂದಲೇ ಅದನ್ನು ತಿಳಿದುಕೊಳ್ಳುತ್ತಾರೆ. ‘ಶಿ ರನ್ಸ್’ ಎಂದರೆ ಓಡುತ್ತಾಳೆ. ‘ಶಿ ರನ್ಸ್ ಎ ಸ್ಕೂಲ್’ ಎಂದರೆ ಶಾಲೆ ನಡೆಸುತ್ತಾಳೆ. ‘ರನ್’ ಕಂಡಾಗ ಮೊದಲು ಈ ಆರರಲ್ಲಿ ಯಾವುದು ಕೂರುತ್ತದೆ ಎಂದು ನೋಡಿ. ಅರ್ಧಕ್ಕರ್ಧ ವಾಕ್ಯಗಳು ಅಲ್ಲೇ ಮುಗಿಯುತ್ತವೆ.

‘ಹರಿ’ಯಿಂದ ಶುರುಮಾಡೋಣ, ಏಕೆಂದರೆ ಹೆಚ್ಚು ಎಡವುವುದು ಇಲ್ಲೇ. ‘ದಿ ರಿವರ್ ರನ್ಸ್’ ಎಂಬುದರಲ್ಲಿ ಯಾರಿಗೂ ಕಷ್ಟವಿಲ್ಲ, ನದಿ ಹರಿಯುತ್ತದೆ. ‘ದಿ ಟ್ಯಾಪ್ ಈಸ್ ರನ್ನಿಂಗ್’ ಎಂದಾಗ ಮಾತ್ರ ಕೈ ತಡವರಿಸುತ್ತದೆ. ಹರಿಯುವುದು ನಲ್ಲಿಯಲ್ಲ, ನೀರು. ಒಳಗಿರುವುದರ ಕೆಲಸವನ್ನು ಹೊತ್ತಿರುವುದರ ಮೇಲೆ ಹಾಕಿ ಹೇಳುವ ರೂಢಿ ಇದು. ಕನ್ನಡಕ್ಕೂ ಇದು ಹೊಸದಲ್ಲ. ‘ಮನೆ ಸೋರುತ್ತಿದೆ’ ಅನ್ನುತ್ತೇವೆ, ಸೋರುವುದು ಮಳೆನೀರು. ‘ಮೈ ನೋಸ್ ಈಸ್ ರನ್ನಿಂಗ್’ ಎಂಬುದಕ್ಕೆ ‘ಮೂಗು ಸೋರುತ್ತಿದೆ’ ಎಂಬ ಸಿದ್ಧ ಮಾತು ನಮ್ಮಲ್ಲೇ ಇದೆ. ಆದರೆ ನಲ್ಲಿಯ ವಿಷಯಕ್ಕೆ ಬಂದಾಗ ‘ನಲ್ಲಿ ಸೋರುತ್ತಿದೆ’ ಎಂದರೆ ಕೆಟ್ಟಿದೆ ಎಂದಾಗುತ್ತದೆ. ಅಲ್ಲಿ ‘ನಲ್ಲಿ ಬಿಟ್ಟಿದೆ’, ‘ನಲ್ಲಿಯಲ್ಲಿ ನೀರು ಬರುತ್ತಿದೆ’ ಎನ್ನಬೇಕು. ‘ಹೂ ಲೆಫ್ಟ್ ದಿ ಟ್ಯಾಪ್ ರನ್ನಿಂಗ್?’ ಎಂದು ಕಾದಂಬರಿಯ ಪಾತ್ರ ಗದರಿದರೆ ‘ನಲ್ಲಿ ತಿರುಗಿಸದೇ ಹೋದವರು ಯಾರು?’ ಎಂದು ಕನ್ನಡದ ಪಾತ್ರವೂ ಗದರಲಿ. ‘ರನ್ ಎ ಬಾತ್’ ಎಂದರೆ ಸ್ನಾನಕ್ಕೆ ತೊಟ್ಟಿಯಲ್ಲಿ ನೀರು ಬಿಡುವುದು. ‘ದಿ ಕಲರ್ಸ್ ರ‍್ಯಾನ್ ಇನ್ ದಿ ವಾಷ್’ ಎಂದರೆ ಒಗೆದಾಗ ಬಣ್ಣ ಬಿಟ್ಟಿತು. ಒದ್ದೆ ಕಾಗದದ ಮೇಲೆ ‘ದಿ ಇಂಕ್ ರ‍್ಯಾನ್’ ಎಂದರೆ ಮಸಿ ಹರಡಿತು.

ದ್ರವದಿಂದ ಮುಂದೆ ಹೋದರೂ ಇದೇ ಹರಿವು ಕಾಣುತ್ತದೆ. ‘ಎ ಶಿವರ್ ರ‍್ಯಾನ್ ಡೌನ್ ಹರ್ ಸ್ಪೈನ್’ ಎಂಬುದನ್ನು ‘ಬೆನ್ನುಮೂಳೆಯ ಕೆಳಗೆ ನಡುಕ ಓಡಿತು’ ಎಂದು ಬರೆದಿರುವುದನ್ನು ಅಚ್ಚಾದ ಪುಸ್ತಕಗಳಲ್ಲೇ ಕಾಣಬಹುದು. ‘ಮೈ ಜುಮ್ಮೆಂದಿತು’ ಎಂದರೆ ಮುಗಿಯಿತು. ತೀರಾ ಬೆನ್ನುಹುರಿ ಬೇಕೆಂದರೆ ‘ಬೆನ್ನಹುರಿಯಲ್ಲಿ ಚಳುಕು ಹರಿಯಿತು’ ಎನ್ನಿ. ‘ಇಟ್ ರನ್ಸ್ ಇನ್ ದಿ ಫ್ಯಾಮಿಲಿ’ ಎಂದರೆ ವಂಶದಲ್ಲೇ ಬಂದಿದೆ, ರಕ್ತದಲ್ಲೇ ಇದೆ. ವೈದ್ಯಕೀಯ ಬರಹದಲ್ಲಿ ‘ಆನುವಂಶಿಕ’ ಎಂದು ಹಾಕುವ ಮುನ್ನ ಸ್ವಲ್ಪ ತಡೆಯಿರಿ. ಒಂದೇ ಮನೆಯವರಿಗೆ ಒಂದೇ ಕಾಯಿಲೆ ಬರುವುದಕ್ಕೆ ಜೀನುಗಳೇ ಕಾರಣ ಆಗಬೇಕಿಲ್ಲ, ಒಂದೇ ಬಗೆಯ ಬದುಕೂ ಕಾರಣವಾಗಬಹುದು. ಇಂಗ್ಲಿಷ್ ವಾಕ್ಯ ಹೇಳುವುದು ‘ಈ ಮನೆತನದಲ್ಲಿ ಹಲವರಿಗಿದೆ’ ಎಂಬಷ್ಟನ್ನೇ.

‘ಸ್ಟಿಲ್ ವಾಟರ್ಸ್ ರನ್ ಡೀಪ್’ ಎಂಬ ಗಾದೆಗೆ ‘ತುಂಬಿದ ಕೊಡ ತುಳುಕುವುದಿಲ್ಲ’ ಎಂದು ಕೊಡುವುದು ವಾಡಿಕೆ. ನನಗೆ ಅದು ಒಪ್ಪಿಗೆಯಿಲ್ಲ. ತುಂಬಿದ ಕೊಡದ ಮಾತು ಬಲ್ಲವರ ಗಾಂಭೀರ್ಯವನ್ನು ಹೊಗಳುವಂಥದ್ದು. ಇಂಗ್ಲಿಷ್ ಗಾದೆ ಮೆಲುಮಾತಿನವರ ಒಳಗೆ ಏನಿದೆಯೋ ಯಾರು ಬಲ್ಲರು ಎನ್ನುತ್ತದೆ. ಎಷ್ಟೋ ಸಲ ಅದರಲ್ಲಿ ಸಣ್ಣ ಎಚ್ಚರಿಕೆಯೂ ಇರುತ್ತದೆ.

ಈಗ ‘ನಡೆ–ನಡೆಸು’. ಸಂಸ್ಥೆ, ಅಂಗಡಿ, ಶಿಬಿರ, ಸರ್ಕಾರ ಯಾವುದನ್ನೇ ‘ರನ್’ ಮಾಡಲಿ, ಕನ್ನಡದಲ್ಲಿ ಅದು ನಡೆಸುವುದು. ‘ರನ್ ಎ ಟೆಸ್ಟ್’ ಎಂಬುದೂ ಪರೀಕ್ಷೆ ನಡೆಸುವುದೇ. ಇಲ್ಲಿ ನಿಮಗೆ ಬೇರೊಂದು ಎಚ್ಚರಿಕೆ ಹೇಳಬೇಕು. ‘ದಿ ಸ್ಕೂಲ್ ಈಸ್ ರನ್ ಬೈ ಎ ಟ್ರಸ್ಟ್’ ಎಂಬುದನ್ನು ‘ಶಾಲೆಯು ಟ್ರಸ್ಟಿನಿಂದ ನಡೆಸಲ್ಪಡುತ್ತಿದೆ’ ಎಂದು ಬರೆಯಬೇಡಿ. ‘ಅಲ್ಪಡು’ ಹಚ್ಚಿದ ವಾಕ್ಯ ಕನ್ನಡದ ಬಾಯಿಗೆ ಬರುವುದಿಲ್ಲ. ‘ಟ್ರಸ್ಟ್ ನಡೆಸುತ್ತಿರುವ ಶಾಲೆ ಇದು’ ಎಂದರೆ ಅರ್ಥವೂ ಪೂರ್ತಿ, ಉಸಿರೂ ಸರಾಗ. ‘ಸ್ಟೇಟ್ ರನ್’ ಎಂದು ವಿಶೇಷಣವಾಗಿ ಬಂದರೆ ‘ಸರ್ಕಾರಿ’ ಎಂಬ ಒಂದು ಪದ ಸಾಕು.

ಅವಧಿ ಹೇಳುವಾಗಲೂ ಇದೇ ‘ನಡೆ’ಯ ಕುಟುಂಬ ಕೆಲಸಕ್ಕೆ ಬರುತ್ತದೆ. ‘ದಿ ಕೋರ್ಸ್ ರನ್ಸ್ ಫಾರ್ ಸಿಕ್ಸ್ ವೀಕ್ಸ್’, ತರಗತಿ ಆರು ವಾರ ನಡೆಯುತ್ತದೆ. ಒಪ್ಪಂದದ ವಿಷಯದಲ್ಲಿ ‘ಜಾರಿಯಲ್ಲಿರುತ್ತದೆ’ ಎನ್ನಬೇಕು. ‘ದಿ ಲೆಟರ್ ರನ್ಸ್ ಆಸ್ ಫಾಲೋಸ್’ ಎಂಬುದಕ್ಕೆ ನಮ್ಮ ಹಳಬರು ಕೊಟ್ಟ ಚೆಂದದ ಮಾತಿದೆ: ‘ಪತ್ರದ ಒಕ್ಕಣೆ ಹೀಗಿದೆ’. ಇಂಥವನ್ನು ಬಳಸದೆ ಬಿಟ್ಟರೆ ನಷ್ಟ ನಮಗೇ.

ಸಿನಿಮಾ, ನಾಟಕದ ವಿಷಯದಲ್ಲಿ ಎರಡು ಭಾಷೆಗಳೂ ಒಂದೇ ಪದ ಬಳಸುತ್ತವೆ. ಮೋಸ ಹೋಗುವುದು ಅದಕ್ಕೇ. ‘ದಿ ಫಿಲ್ಮ್ ರ‍್ಯಾನ್ ಫಾರ್ ಎ ಇಯರ್’, ಚಿತ್ರ ಒಂದು ವರ್ಷ ಓಡಿತು. ಇಲ್ಲಿಯವರೆಗೆ ಸರಿ. ಆದರೆ ಕನ್ನಡದಲ್ಲಿ ‘ಸಿನಿಮಾ ಓಡಲಿಲ್ಲ’ ಎಂದರೆ ಸೋತಿತು ಎಂದರ್ಥ. ಇಂಗ್ಲಿಷಿನಲ್ಲಿ ‘ದಿ ಫಿಲ್ಮ್ ಡಿಡ್ ನಾಟ್ ರನ್’ ಎಂದರೆ ಪ್ರದರ್ಶನವೇ ಆಗಲಿಲ್ಲ ಎಂದುಕೊಳ್ಳುತ್ತಾರೆ. ‘ತಲೆ ಓಡುತ್ತಿಲ್ಲ’ ಎಂಬುದನ್ನೂ ‘ರನ್’ ಹಾಕಿ ಇಂಗ್ಲಿಷಿಗೆ ಒಯ್ಯಲಾಗದು.

‘ಓಡಿಸು’ ಇನ್ನೂ ಹೆಚ್ಚು ಮೋಸಗಾರ. ನಾವು ಕಾರು ಓಡಿಸುತ್ತೇವೆ. ಇಂಗ್ಲಿಷಿನಲ್ಲಿ ಅದು ‘ಡ್ರೈವ್’. ‘ಐ ಕಾಂಟ್ ಅಫರ್ಡ್ ಟು ರನ್ ಎ ಕಾರ್’ ಎಂದು ಬ್ರಿಟನ್ನಿನವರೊಬ್ಬರು ಹೇಳಿದರೆ ಅವರಿಗೆ ಡ್ರೈವಿಂಗ್ ಬರುವುದಿಲ್ಲ ಎಂದಲ್ಲ. ಇಂಧನ, ವಿಮೆ, ರಿಪೇರಿ, ತೆರಿಗೆ ಎಲ್ಲ ಸೇರಿ ಕಾರು ಸಾಕುವ ಶಕ್ತಿ ತಮಗಿಲ್ಲ ಎಂದು. ಕಾರನ್ನು ‘ಸಾಕುವುದು’ ಎಂದು ನಗುತ್ತ ನಾವೂ ಹೇಳುವುದುಂಟು; ಆ ಅರ್ಥಕ್ಕೆ ಅದಕ್ಕಿಂತ ಒಳ್ಳೆಯ ಪದ ನನಗೆ ಹೊಳೆದಿಲ್ಲ. ‘ಐಲ್ ರನ್ ಯು ಟು ದಿ ಸ್ಟೇಷನ್’ ಎಂದರೆ ‘ಸ್ಟೇಷನ್ನಿಗೆ ಬಿಟ್ಟು ಬರುತ್ತೇನೆ’. ‘ರನ್ ಎ ರೆಡ್ ಲೈಟ್’ ಎಂದರೆ ಸಿಗ್ನಲ್ ಜಂಪ್ ಮಾಡುವುದು. ‘ರನ್ ಗನ್ಸ್’ ಎಂದರೆ ಬಂದೂಕುಗಳ ಕಳ್ಳಸಾಗಣೆ.

ಯಂತ್ರಗಳು ಬಂದಮೇಲೆ ಈ ಪದದ ಅದೃಷ್ಟ ತಿರುಗಿತು ಎನ್ನಬೇಕು. ಗಡಿಯಾರ, ಗಿರಣಿ, ರೈಲು, ಎಂಜಿನ್ನು, ಒಂದೊಂದಾಗಿ ಬಂದವೆಲ್ಲ ‘ರನ್’ ಆಗತೊಡಗಿದವು. ಡೀಸೆಲ್ ಮೇಲೆ ‘ರನ್’, ಬ್ಯಾಟರಿ ಮೇಲೆ ‘ರನ್’. ಆಮೇಲೆ ಕಂಪ್ಯೂಟರ್. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ, ಥಾಮಸ್ ಕರ್ಟ್ಸ್ ಅವರು ‘ಬೇಸಿಕ್’ ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದಾಗ, ಬರೆದ ಪ್ರೋಗ್ರಾಂ ಕೆಲಸ ಶುರುಮಾಡಲಿ ಎಂದು ಬಳಕೆದಾರರು ಟೈಪ್ ಮಾಡಬೇಕಿದ್ದ ಆಜ್ಞೆಯೇ ‘ರನ್’. ಕನ್ನಡದ ತಂತ್ರಾಂಶಗಳಲ್ಲಿ ಇದಕ್ಕೆ ‘ಚಲಾಯಿಸು’ ಎಂದು ನೆಲೆಯಾಗಿದೆ. ತಕ್ಕಮಟ್ಟಿಗೆ ಒಳ್ಳೆಯ ಪದ. ‘ಕಾರ್ಯಗತಗೊಳಿಸು’ ಎಂಬುದು ಬಟನ್ ಮೇಲೆ ಹಿಡಿಯುವುದೂ ಇಲ್ಲ, ಬಾಯಲ್ಲಿ ನಿಲ್ಲುವುದೂ ಇಲ್ಲ. ಸಂಭಾಷಣೆಯಲ್ಲಾದರೆ ‘ಪ್ರೋಗ್ರಾಂ ರನ್ ಮಾಡು’ ಎಂದೇ ಬಿಡಿ, ಎಲ್ಲರೂ ಆಡುವುದು ಹಾಗೆಯೇ.

ಆರು ಪದಗಳಲ್ಲಿ ಯಾವುದೂ ಕೂರದ ಒಂದು ಗುಂಪು ಇದೆ. ‘ದಿ ವೆಲ್ ರ‍್ಯಾನ್ ಡ್ರೈ’, ‘ಸಪ್ಲೈಸ್ ಆರ್ ರನ್ನಿಂಗ್ ಲೋ’, ‘ಐಯಾಮ್ ರನ್ನಿಂಗ್ ಲೇಟ್’. ಇಲ್ಲಿ ‘ರನ್’ ಜೊತೆ ಒಂದು ವಿಶೇಷಣ ಕೂತಿದೆ. ಕ್ರಿಯಾಪದ ತನ್ನ ಅರ್ಥ ಬಿಟ್ಟುಕೊಟ್ಟು ‘ಆಗು’ ಎಂಬಷ್ಟಕ್ಕೆ ಇಳಿದಿದೆ. ಬಾವಿ ಬತ್ತಿತು, ದಾಸ್ತಾನು ಮುಗಿಯುತ್ತ ಬಂದಿದೆ, ನನಗೆ ತಡವಾಗುತ್ತಿದೆ. ಕೊನೆಯದನ್ನು ‘ನಾನು ತಡವಾಗಿ ಓಡುತ್ತಿದ್ದೇನೆ’ ಎಂದು ಅನುವಾದ ಯಂತ್ರ ಕೊಟ್ಟರೆ ಆಶ್ಚರ್ಯವಿಲ್ಲ, ಮನುಷ್ಯರು ಕೊಡಬಾರದು. ‘ರನ್ ಎ ಟೆಂಪರೇಚರ್’ ಎಂಬುದೂ ಹೀಗೇ ಬೇರೆ ದಾರಿ. ಇಂಗ್ಲಿಷಿನಲ್ಲಿ ಜ್ವರವನ್ನು ರೋಗಿಯೇ ಏನೋ ಮಾಡುತ್ತಿರುವಂತೆ ವಾಕ್ಯ ಕಟ್ಟುತ್ತಾರೆ. ಕನ್ನಡದಲ್ಲಿ ಜ್ವರ ಮನುಷ್ಯನಿಗೆ ಬರುತ್ತದೆ: ‘ಅವನಿಗೆ ಜ್ವರ ಬಂದಿದೆ’, ‘ಮೈ ಕಾಯುತ್ತಿದೆ’. ಕರ್ತೃ ಚತುರ್ಥಿಗೆ ಸರಿದದ್ದು ಗಮನಿಸಿ. ಪದ ಬದಲಿಸಿದರೆ ಸಾಲದು, ವಾಕ್ಯದ ತಿರುವನ್ನೇ ಬದಲಿಸಬೇಕಾದ ಜಾಗಗಳು ಇವು.

‘ದಿ ರೋಡ್ ರನ್ಸ್ ಅಲಾಂಗ್ ದಿ ರಿವರ್’ ಎಂಬಲ್ಲಿ ಯಾವುದೂ ಅಲುಗಾಡುತ್ತಲೇ ಇಲ್ಲ. ನೋಡುವವರ ಕಣ್ಣು ಸಾಗುತ್ತದೆ, ಅಷ್ಟೆ. ಇದನ್ನು ಲಿಯೊನಾರ್ಡ್ ಟಾಲ್ಮಿ ಎಂಬ ಭಾಷಾವಿಜ್ಞಾನಿ ಕಲ್ಪಿತ ಚಲನೆ ಎಂಬರ್ಥದ ಹೆಸರಿಟ್ಟು ವಿವರಿಸಿದ್ದಾರೆ. ಕನ್ನಡದಲ್ಲಿ ರಸ್ತೆ ಓಡುವುದಿಲ್ಲ, ‘ಹೋಗುತ್ತದೆ’, ‘ಸಾಗುತ್ತದೆ’. ‘ಈ ರಸ್ತೆ ಎಲ್ಲಿಗೆ ಹೋಗುತ್ತದೆ?’ ಎಂದು ಕೇಳುವವರು ಯಾರೂ ರಸ್ತೆಗೆ ಕಾಲಿದೆ ಎಂದುಕೊಂಡಿರುವುದಿಲ್ಲ. ಬೇಲಿ, ಗೋಡೆಗಳಿಗಾದರೆ ‘ಉದ್ದಕ್ಕೂ ಇದೆ’ ಎಂದು ನಿಲ್ಲಿಸಿಬಿಡುವುದೇ ಮೇಲು.

ಇನ್ನು ‘ರನ್’ ಬೆನ್ನಿಗೆ ಬರುವ ಚಿಕ್ಕ ಪದಗಳು: ಔಟ್, ಓವರ್, ಇಂಟು, ಅಪ್, ಡೌನ್, ಥ್ರೂ, ಬೈ. ನಿಜವಾದ ಕಾಟ ಇಲ್ಲಿದೆ. ‘ರನ್ ಔಟ್’ ಒಂದನ್ನೇ ಹತ್ತಿರದಿಂದ ನೋಡಿ.

‘ಶಿ ರ‍್ಯಾನ್ ಔಟ್ ಆಫ್ ದಿ ರೂಮ್.’ ಕೋಣೆಯಿಂದ ಹೊರಗೆ ಓಡಿದಳು.
‘ಶಿ ರ‍್ಯಾನ್ ಔಟ್ ಆಫ್ ಪೇಪರ್.’ ಅವಳ ಹತ್ತಿರ ಕಾಗದ ಮುಗಿದುಹೋಯಿತು.
‘ಶಿ ವಾಸ್ ರನ್ ಔಟ್.’ ರನ್ ಔಟ್ ಆದಳು, ಕ್ರಿಕೆಟ್ಟಿನಲ್ಲಿ.
‘ಶಿ ರ‍್ಯಾನ್ ಔಟ್ ಆನ್ ದೆಮ್.’ ಅವರನ್ನು ನಡುನೀರಿನಲ್ಲಿ ಕೈಬಿಟ್ಟು ಹೋದಳು.

ಮೊದಲೆರಡು ವಾಕ್ಯಗಳ ಕಟ್ಟಡ ಹೆಚ್ಚುಕಡಿಮೆ ಒಂದೇ. ಬೇರೆ ಮಾಡುವುದು ಮುಖ್ಯವಾಗಿ ಕೊನೆಯ ನಾಮಪದ: ಕೋಣೆಯ ಒಳಗಿಂದ ಹೊರಬರಬಹುದು, ಕಾಗದದ ಒಳಗಿಂದ ಬರಲಾಗದು. ಮೂರನೆಯದರಲ್ಲಿ ‘ವಾಸ್’ ಇದೆ, ಅಂದರೆ ಬೇರೆಯವರು ಔಟ್ ಮಾಡಿದ್ದಾರೆ. ನಾಲ್ಕನೆಯದರಲ್ಲಿ ‘ಆನ್’ ಬಂದು ಬೆನ್ನು ತೋರಿಸಿದವರ ಮೇಲಿನ ದೂರು ಸೇರಿಕೊಂಡಿದೆ. ಎರಡನೆಯ ವಾಕ್ಯದಲ್ಲಿ ಕನ್ನಡದ ಕರ್ತೃ ಕಾಗದ, ಅವಳಲ್ಲ. ‘ಅವಳು ಕಾಗದವನ್ನು ಖಾಲಿ ಮಾಡಿಕೊಂಡಳು’ ಎಂದು ಬರೆದರೆ ತಪ್ಪು ಅವಳದೇ ಎಂಬ ಧ್ವನಿ ಬಂದುಬಿಡುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ ಆ ಆರೋಪ ಇಲ್ಲ.

‘ರನ್ ಓವರ್’ ಕೂಡ ಹೀಗೆ ನಾಲ್ಕು ಮುಖದ್ದು. ವಾಹನ ಯಾರ ಮೇಲಾದರೂ ಹರಿಯುವುದು (ಕನ್ನಡದ ಪತ್ರಿಕೆಗಳು ಇಲ್ಲಿ ‘ಹರಿದು’ ಎಂದೇ ಬರೆಯುತ್ತವೆ, ಸರಿಯಾಗಿದೆ), ಪಾತ್ರೆ ತುಂಬಿ ಚೆಲ್ಲುವುದು, ಸಭೆ ಹೇಳಿದ ಹೊತ್ತಿಗಿಂತ ಎಳೆಯುವುದು, ಟಿಪ್ಪಣಿಯ ಮೇಲೆ ಮತ್ತೊಮ್ಮೆ ಕಣ್ಣಾಡಿಸುವುದು. ‘ರನ್ ಇಂಟು’ ಎಂದರೆ ಅಕಸ್ಮಾತ್ತಾಗಿ ಎದುರಾಗುವುದೂ ಹೌದು, ಡಿಕ್ಕಿ ಹೊಡೆಯುವುದೂ ಹೌದು. ಮುಂದೆ ಅಂಕಿ ಬಂದರೆ ‘ಲಕ್ಷಗಟ್ಟಲೆ ಆಗುತ್ತದೆ’ ಎಂಬರ್ಥ. ‘ರನ್ ಡೌನ್’ ಬ್ಯಾಟರಿಗೆ ಬಂದರೆ ಚಾರ್ಜ್ ಮುಗಿಯುವುದು, ಕಟ್ಟಡಕ್ಕೆ ಬಂದರೆ ಪಾಳು, ಮನುಷ್ಯರಿಗೆ ಬಂದರೆ ಸೊರಗುವುದು ಅಥವಾ ಹೀಗಳೆಯುವುದು. ‘ರನ್ ಅಪ್ ಎ ಬಿಲ್’ ಸಾಲದ ಬಾಬ್ತು ಬೆಳೆಸುವುದು. ‘ರನ್ ಥ್ರೂ’ ತಾಲೀಮು; ಹಣದ ವಿಷಯಕ್ಕೆ ಬಂದರೆ ಕರಗಿಸುವುದು. ‘ಡೋಂಟ್ ರನ್ ಅವೇ ವಿತ್ ದಿ ಐಡಿಯಾ’ ಎಂಬುದರಲ್ಲಿ ಓಡಿಹೋಗುವವರು ಯಾರೂ ಇಲ್ಲ. ‘ಹಾಗೆಂದು ಸುಮ್ಮನೆ ಅಂದುಕೊಂಡುಬಿಡಬೇಡಿ’ ಎಂದಷ್ಟೆ.

ಕಚೇರಿಯ ಮೇಲ್‌ಗಳಲ್ಲಿ ಹೆಚ್ಚಾಗಿ ಕಾಣುವುದು ‘ರನ್ ಇಟ್ ಬೈ ಹರ್’. ‘ಬೈ’ ಕಂಡೊಡನೆ ‘ಅವಳಿಂದ ನಡೆಸು’ ಎಂದು ಬರೆಯುವವರಿದ್ದಾರೆ. ಅರ್ಥ ‘ಅವರ ಕಿವಿಗೊಮ್ಮೆ ಹಾಕಿ’, ‘ಅವರನ್ನೊಂದು ಮಾತು ಕೇಳಿ’ ಎಂದು. ಒಪ್ಪಿಗೆ ಕಡ್ಡಾಯ ಎಂಬಷ್ಟು ಭಾರ ಅದಕ್ಕಿಲ್ಲ. ಆದ್ದರಿಂದ ‘ಅನುಮೋದನೆ ಪಡೆಯಿರಿ’ ಎಂದು ಅನುವಾದಿಸಿದರೆ ಹೇಳಿದ್ದಕ್ಕಿಂತ ಹೆಚ್ಚು ಹೇಳಿದಂತಾಯಿತು. ಇದರ ಎದುರಿಗೆ ‘ಈಸ್ ರನ್ ಬೈ ಹರ್’ ಎಂದಿದ್ದರೆ ಅವರೇ ನಡೆಸುತ್ತಿದ್ದಾರೆ ಎಂದರ್ಥ. ನಡುವೆ ಕೂತ ‘ಇಟ್’ ಎಂಬ ಪುಟ್ಟ ಪದವೇ ಗುರುತು.

ನಾಮಪದಕ್ಕೆ ಬರೋಣ. ಕ್ರಿಕೆಟ್ಟಿನ ದಯೆಯಿಂದ ‘ರನ್’ ಈಗ ಕನ್ನಡದ್ದೇ ಪದ. ಆಡುಮಾತಿನಲ್ಲಿ ‘ರನ್ನು’ ಆಗಿ, ಪತ್ರಿಕೆಯಲ್ಲಿ ‘ಓಟ’ ಎಂಬ ಜೊತೆಗಾರನನ್ನೂ ಪಡೆದು ನೆಮ್ಮದಿಯಾಗಿದೆ. ನಾವು ರನ್ ‘ಹೊಡೆಯುತ್ತೇವೆ’, ಇಂಗ್ಲಿಷಿನವರು ‘ಸ್ಕೋರ್’ ಅಥವಾ ‘ಮೇಕ್’ ಮಾಡುತ್ತಾರೆ. ಆಟದ ಮೊದಲ ಕಾಲದಲ್ಲಿ ಇದಕ್ಕೆ ‘ನಾಚ್’ ಎನ್ನುತ್ತಿದ್ದರು, ಅಂದರೆ ಕಚ್ಚು. ಲೆಕ್ಕ ಇಡುವವರು ಕೋಲಿನ ಮೇಲೆ ಚಾಕುವಿನಿಂದ ಕಚ್ಚು ಹಾಕುತ್ತ ಹೋಗುತ್ತಿದ್ದರು. ‘ರನ್’ ಎಂಬ ಹೆಸರು ಗಟ್ಟಿಯಾಗುವ ಹೊತ್ತಿಗೆ ಅದು ಓಟದಿಂದ ಬೇರೆಯಾಗಲೂ ಶುರುವಾಯಿತು. ಇವತ್ತು ಬೌಂಡರಿಗೆ ನಾಲ್ಕು, ಸಿಕ್ಸರಿಗೆ ಆರು, ವೈಡ್ ಬಿದ್ದರೆ ಒಂದು. ಯಾರೂ ಒಂದು ಹೆಜ್ಜೆ ಎತ್ತಿಡದೆಯೂ ರನ್ ಬರುತ್ತದೆ.

ಚುನಾವಣೆಯ ಇಂಗ್ಲಿಷಿನಲ್ಲಿ ಅಮೆರಿಕದವರು ‘ರನ್’ ಆಗುತ್ತಾರೆ, ಬ್ರಿಟನ್ನಿನವರು ‘ಸ್ಟ್ಯಾಂಡ್’ ಆಗುತ್ತಾರೆ. ಕನ್ನಡದವರೂ ಚುನಾವಣೆಗೆ ‘ನಿಲ್ಲುವವರೇ’. ‘ರನ್ನಿಂಗ್ ಫಾರ್ ಪ್ರೆಸಿಡೆಂಟ್’ ಎಂಬುದನ್ನು ‘ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದಾರೆ’ ಎಂದು ಧೈರ್ಯವಾಗಿ ಬರೆಯಿರಿ, ಓಟ ನಿಂತು ಹೋಯಿತಲ್ಲ ಎಂಬ ಚಿಂತೆ ಬೇಡ. ಅಮೆರಿಕದ ಈ ಮಾತುಗಳ ಹಿಂದೆ ಕುದುರೆ ರೇಸಿನ ವಾಸನೆ ಇದೆ. ಉಪಾಧ್ಯಕ್ಷ ಅಭ್ಯರ್ಥಿಗೆ ‘ರನ್ನಿಂಗ್ ಮೇಟ್’ ಎನ್ನುತ್ತಾರೆ. ಮೂಲದಲ್ಲಿ ಅದು ಒಂದು ಕುದುರೆಗೆ ಓಟದ ವೇಗ ಹಾಕಿಕೊಡಲು ಅದೇ ಲಾಯದಿಂದ ಜೊತೆಗೆ ಬಿಡುತ್ತಿದ್ದ ಇನ್ನೊಂದು ಕುದುರೆ. ಸೋತು ಹೆಸರಿಲ್ಲದಂತಾದವರಿಗೆ ‘ಆಲ್ಸೋ ರ‍್ಯಾನ್’ ಎಂಬ ಮಾತು ಬಂದದ್ದು ಪತ್ರಿಕೆಗಳ ರೇಸ್ ಫಲಿತಾಂಶದಿಂದ. ಗೆದ್ದ ಕುದುರೆಗಳ ಪಟ್ಟಿಯ ಕೆಳಗೆ ‘ಇವೂ ಓಡಿದವು’ ಎಂದು ಉಳಿದವುಗಳ ಹೆಸರು ಹಾಕುತ್ತಿದ್ದರು. ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬುದು ಅದರ ಹತ್ತಿರಕ್ಕೆ ಬರುತ್ತದೆ.

‘ರನ್ ಆಫ್ ದಿ ಮಿಲ್’ ಎಂದರೆ ಗಿರಣಿಯಿಂದ ಹೊರಬಂದ, ಇನ್ನೂ ಗುಣ ನೋಡಿ ವಿಂಗಡಿಸದ ಸರಕು. ಹತ್ತರೊಡನೆ ಹನ್ನೊಂದು ಎಂಬಂಥದ್ದಕ್ಕೆಲ್ಲ ಈಗ ಅದು ಸಲ್ಲುತ್ತದೆ. ಕಾಲುಚೀಲದ ಎಳೆ ಬಿಟ್ಟ ಗೆರೆಗೆ ಅಮೆರಿಕದಲ್ಲಿ ‘ರನ್’, ಬ್ರಿಟನ್ನಿನಲ್ಲಿ ‘ಲ್ಯಾಡರ್’. ಕೋಳಿಗಳು ಅಡ್ಡಾಡಲು ಬಲೆ ಕಟ್ಟಿದ ಜಾಗವೂ ‘ರನ್’. ಮೊಟ್ಟೆ ಇಡಲು ಸಾಲ್ಮನ್ ಮೀನುಗಳು ಹಿಂಡಾಗಿ ನದಿಯ ಎದುರೀಜುವುದೂ ‘ರನ್’.

ಹಣಕಾಸಿನ ‘ರನ್’ ಬಗ್ಗೆ ಎರಡು ಮಾತು ಹೆಚ್ಚಿಗೆ ಬೇಕು, ಏಕೆಂದರೆ ಸುದ್ದಿಯ ಅನುವಾದದಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ‘ಬ್ಯಾಂಕ್ ರನ್’ ಎಂದರೆ ಬ್ಯಾಂಕ್ ಮುಳುಗುತ್ತದೆ ಎಂಬ ಭಯಕ್ಕೆ ಠೇವಣಿದಾರರೆಲ್ಲ ಒಟ್ಟಿಗೆ ಹಣ ಹಿಂತೆಗೆಯಲು ಮುಗಿಬೀಳುವುದು. ಬ್ಯಾಂಕು ಠೇವಣಿಯ ಬಹುಪಾಲನ್ನು ಸಾಲವಾಗಿ ಕೊಟ್ಟಿರುತ್ತದೆ. ಆದ್ದರಿಂದ ಗಟ್ಟಿಮುಟ್ಟಾಗಿದ್ದ ಬ್ಯಾಂಕೂ ಈ ಭಯದಿಂದಲೇ ಮುಳುಗಬಹುದು. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನ ಗ್ರಾಹಕರು 4,200 ಕೋಟಿ ಡಾಲರ್ ಹಿಂತೆಗೆಯಲು ಹೊರಟರು. ಮರುದಿನವೇ ಬ್ಯಾಂಕಿಗೆ ಬೀಗ ಬಿತ್ತು. ಅಲ್ಲಿ ಯಾರೂ ಬೀದಿಯಲ್ಲಿ ಓಡಬೇಕಾಗಿರಲಿಲ್ಲ, ಹಿಂತೆಗೆತ ನಡೆದದ್ದು ಮುಖ್ಯವಾಗಿ ಆನ್‌ಲೈನಿನಲ್ಲಿ. ‘ಬ್ಯಾಂಕ್ ಓಟ’ ಎಂದು ಬರೆದರೆ ಓದುಗರಿಗೆ ಏನೂ ತಿಳಿಯುವುದಿಲ್ಲ. ಮೊದಲ ಸಲ ಬಂದಾಗ ‘ಠೇವಣಿ ವಾಪಸಿಗೆ ಗ್ರಾಹಕರ ನೂಕುನುಗ್ಗಲು’ ಎಂದು ಬಿಡಿಸಿ ಬರೆದು, ಆಮೇಲೆ ‘ಬ್ಯಾಂಕ್ ರನ್’ ಎಂದೇ ಇಟ್ಟುಕೊಳ್ಳಿ.

‘ಇನ್ ದಿ ಲಾಂಗ್ ರನ್’ ಸಾಮಾನ್ಯ ಬರಹದಲ್ಲಿ ‘ಕಾಲಾಂತರದಲ್ಲಿ’, ‘ಮುಂದೆ ಮುಂದೆ’. ಅರ್ಥಶಾಸ್ತ್ರದ ಪುಸ್ತಕದಲ್ಲಿ ಮಾತ್ರ ಅದು ಪಾರಿಭಾಷಿಕ ಪದ: ಒಂದು ಉದ್ಯಮ ತನ್ನ ಕಾರ್ಖಾನೆಯ ಗಾತ್ರವನ್ನೂ ಸೇರಿ ಎಲ್ಲವನ್ನೂ ಬದಲಿಸಿಕೊಳ್ಳಬಲ್ಲಷ್ಟು ಅವಧಿ. ಅದಕ್ಕೆ ಇಷ್ಟೇ ವರ್ಷ ಎಂಬ ಲೆಕ್ಕವಿಲ್ಲ. ಅಲ್ಲಿ ‘ದೀರ್ಘಾವಧಿ’ ಎಂದೇ ಎಲ್ಲ ಕಡೆಯೂ ಒಂದೇ ಪದ ಇಡಬೇಕು.

‘ರನ್ನಿಂಗ್’ ಎಲ್ಲಿ ಕೂತಿದೆ ಎಂಬುದನ್ನೂ ನೋಡಿ. ನಾಮಪದದ ಮುಂಚೆ ಬಂದರೆ ಹರಿಯುವ, ನಡೆಯುತ್ತಿರುವ: ‘ರನ್ನಿಂಗ್ ವಾಟರ್’. ಆದರೆ ‘ಫೈವ್ ಡೇಸ್ ರನ್ನಿಂಗ್’ ಎಂದು ಅವಧಿಯ ಬೆನ್ನಿಗೆ ಬಂದರೆ ‘ಸತತ ಐದು ದಿನ’, ‘ಒಂದೇ ಸಮ ಐದು ದಿನ’.

ನಿಮ್ಮ ವ್ಯಾಕರಣದ ಪ್ರಶ್ನೆಗೆ ಉತ್ತರ ಚಿಕ್ಕದು: ‘ಹ್ಯಾವ್ ರನ್’ ಸರಿ. ರನ್, ರ‍್ಯಾನ್, ರನ್. ಸಿಂಗ್, ಸ್ಯಾಂಗ್, ಸಂಗ್ ಇದ್ದ ಹಾಗೆ ಇದೂ ಮೂರು ಸ್ವರದ ಕ್ರಿಯಾಪದವೇ ಆಗಿತ್ತು. ಕಾಲಕ್ರಮದಲ್ಲಿ ವರ್ತಮಾನ ರೂಪದ ‘ಇ’ಕಾರ ಹೋಗಿ ಮೂರನೆಯ ರೂಪದ ಸ್ವರವೇ ಅಲ್ಲಿಗೂ ಬಂತು. ಹೀಗೆ ಮೊದಲನೆಯದೂ ಮೂರನೆಯದೂ ಒಂದೇ ಆದ್ದರಿಂದಲೇ ‘ಹ್ಯಾವ್’ ಮುಂದೆ ಏನೋ ಬದಲಾಗಬೇಕಿತ್ತಲ್ಲ ಎಂದು ಅನಿಸುತ್ತದೆ. ಇಂಗ್ಲಿಷ್ ನಾಡುಗಳ ಆಡುಮಾತಿನಲ್ಲಿ ‘ಹ್ಯಾವ್ ರ‍್ಯಾನ್’ ಕಿವಿಗೆ ಬೀಳುತ್ತದೆ. ಬರಹದಲ್ಲಿ ಅದನ್ನು ತಪ್ಪೆಂದೇ ಎಣಿಸುತ್ತಾರೆ.

ನಿಘಂಟು ಕೊಳ್ಳುವ ಯೋಚನೆಯಿದ್ದರೆ ಒಂದು ವಿಷಯ ಗಮನದಲ್ಲಿರಲಿ. ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಅರ್ಥಗಳನ್ನು ಹುಟ್ಟಿದ ಕಾಲದ ಕ್ರಮದಲ್ಲಿ ಜೋಡಿಸುತ್ತದೆ, ಮೊದಲಿಗೆ ಸಿಗುವುದು ಹಳೆಯದು. ಕಲಿಯುವವರಿಗಾಗಿ ಮಾಡಿದ ನಿಘಂಟುಗಳು ಹೆಚ್ಚು ಬಳಕೆಯ ಅರ್ಥವನ್ನು ಮುಂದಿಡುತ್ತವೆ. ‘ರನ್ ಔಟ್’, ‘ರನ್ ಬೈ’ ಮುಂತಾದವನ್ನು ಕೊನೆಯಲ್ಲಿ ಬೇರೆಯಾಗಿ, ಉದಾಹರಣೆ ಸಮೇತ ಕೊಡುತ್ತವೆ. ನಿಮ್ಮ ಕೆಲಸಕ್ಕೆ ಎರಡನೆಯ ಬಗೆಯದು ಮೇಜಿನ ಮೇಲಿರಲಿ. ಅದರಲ್ಲೂ ಅರ್ಥದ ಸಾಲಿಗಿಂತ ಉದಾಹರಣೆ ವಾಕ್ಯವನ್ನು ಮೊದಲು ಓದಿ. ಏನು ಓಡುತ್ತಿದೆ, ಏನನ್ನು ಓಡಿಸುತ್ತಿದ್ದಾರೆ, ಬೆನ್ನಿಗೆ ಯಾವ ಚಿಕ್ಕ ಪದ ಇದೆ ಎಂಬುದು ಕಾಣುವುದು ಅಲ್ಲೇ.